ನರ್ತಕಿ ಕುಣಿಯದ ಬೆಳಗು

ಅಪ್ಪಾ,

ನಾನು ಕೆಲಸಕ್ಕೆ ಹೊರಟೆ. ಚಹಾ ಫ್ಲಾಸ್ಕಿನಲ್ಲಿದೆ. ಲಾಯ ಖಾಲಿ ಇದೆ ಅಂತ ಗಾಬರಿಯಾಗಬೇಡ, ನರ್ತಕಿಯನ್ನು ಬಯಲಿಗೆ ಬಿಟ್ಟಿದ್ದು ನಾನೇ. ಹುಲ್ಲು ಅಲ್ಲೇ ಹಾಕು. ದಮ್ಮಯ್ಯ, ಮತ್ತೆ ಒಳಗೆ ಕಟ್ಟಬೇಡ.

ಲಾಯದ ಬಾಗಿಲಲ್ಲಿ ನಿಂತು ದಿನವಿಡೀ ತಲೆ ತೂಗುತ್ತಿದ್ದ ಕುದುರೆಗೆ ನರ್ತಕಿ ಅಂತ ಹೆಸರಿಟ್ಟವನು ನೀನು. ಬಂದವರಿಗೆಲ್ಲ ತೋರಿಸಿ ಚಪ್ಪಾಳೆ ತಟ್ಟಿದವಳು ನಾನು. “ಅದು ಕುಣಿತ ಅಲ್ಲಮ್ಮಾ, ಕೂಡಿಹಾಕಿದ್ದಕ್ಕೆ ಚಡಪಡಿಸ್ತಿದೆ” ಅಂತ ನಿನ್ನೆ ಡಾಕ್ಟರು ಹೇಳಿದಾಗ ನೀನು ಮುಖ ತಿರುಗಿಸಿಕೊಂಡು ಹೋದೆ.

ಈಗ ಕಿಟಕಿಯಿಂದ ನೋಡು. ಮಂಜಿನೊಳಗೆ ಕಾಲು ಚಾಚಿ ಮಲಗಿದ್ದಾಳೆ. ಯಾವುದೋ ಕನಸಿಗೆ ಕಿವಿ ಮಾತ್ರ ಅಲುಗುತ್ತಿದೆ.

ತಾನಾಗಿ ಏಳಲಿ. ಎದ್ದಮೇಲೆ ಬೇರೆ ಹೆಸರಿಟ್ಟು ಕರಿ.