ಗುಡ್ಡೆ ಇನ್ನೂ ಬೆಚ್ಚಗಿದೆ

ಗಣಿ ಇಲಾಖೆಯ ಮುಖ್ಯಸ್ಥರೇ,

ನಿಮ್ಮ ವಿಚಾರಣಾ ವರದಿಯ ಪ್ರಕಾರ ನನ್ನ ಗಂಡ ಮುಚ್ಚಿದ ತಾಮ್ರದ ಗಣಿಯೊಳಗೆ ಅಪ್ಪಣೆಯಿಲ್ಲದೆ ನುಗ್ಗಿ, ಸ್ವಂತ ಅಜಾಗರೂಕತೆಯಿಂದ ಆಮ್ಲದ ಕೊಳಕ್ಕೆ ಬಿದ್ದು ತೀರಿಕೊಂಡರು. ಹೊಳೆ ಕೆಟ್ಟದ್ದಕ್ಕೂ ಅವರೇ ಕಾರಣರಂತೆ. ಸತ್ತವರ ಮೇಲೆ ಹೊರಿಸುವುದು ಎಷ್ಟು ಅನುಕೂಲ! ಅವರು ಮೇಲ್ಮನವಿ ಸಲ್ಲಿಸಲಾರರು. ಆದ್ದರಿಂದ ನಾನು ಬರೆಯುತ್ತಿದ್ದೇನೆ, ಎಲ್ಲರೂ ಓದುವ ಹಾಗೆ.

ತಿಳಿಯದ ಓದುಗರಿಗಾಗಿ ಹೇಳುತ್ತೇನೆ. ನಿಮಗೆ ಗೊತ್ತೇ ಇರಬೇಕು. ಈ ಗಣಿಯಲ್ಲಿ ಅದಿರನ್ನು ಕುಲುಮೆಗೆ ಹಾಕುತ್ತಿರಲಿಲ್ಲ. ಒಡೆದ ಕಲ್ಲನ್ನು ಗುಡ್ಡೆ ಹಾಕಿ, ಮೇಲಿನಿಂದ ಆಮ್ಲ ಬೆರೆತ ನೀರು ಹನಿಸುತ್ತಿದ್ದರು. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಕಲ್ಲಿನೊಳಗಿನ ಕಬ್ಬಿಣ, ಗಂಧಕಗಳ ಮೇಲೆ ಬದುಕುತ್ತ ತಾಮ್ರವನ್ನು ನೀರಿಗೆ ಬಿಡಿಸಿಕೊಡುತ್ತಿದ್ದವು. ಆ ನೀರು ಕೆಳಗಿನ ಕೊಳಕ್ಕೆ ಇಳಿಯುತ್ತಿತ್ತು. ತಾಮ್ರ ತೆಗೆದ ಮೇಲೆ ಪಂಪು ಅದನ್ನು ಮತ್ತೆ ಗುಡ್ಡೆಯ ತಲೆಗೆ ಏರಿಸುತ್ತಿತ್ತು. ಆ ಜೀವಿಗಳನ್ನು ಬೆಳೆಸುವ ತೊಟ್ಟಿಯನ್ನು ನೋಡಿಕೊಳ್ಳುತ್ತಿದ್ದವರು ನನ್ನ ಗಂಡ. ತೊಟ್ಟಿ ತೊಳೆಯುವಾಗಲೂ ತಳದ ಒಂದು ಬಕೆಟ್ ನೀರನ್ನು ಎತ್ತಿಡುತ್ತಿದ್ದರು, ಮೊಸರು ಮಾಡುವವರು ಹೆಪ್ಪು ಉಳಿಸಿಕೊಂಡ ಹಾಗೆ. ಅದನ್ನು ಹೆಪ್ಪು ಎಂದೇ ಕರೆಯುತ್ತಿದ್ದರು.

ಊಟಕ್ಕೆ ಕೂತರೂ ಅದೇ ಮಾತು.

“ಹೆಪ್ಪು ಯಾಕೋ ಮಂಕಾಗಿದೆ ಕಣೇ.”

“ನಾನು ಜ್ವರ ಬಂದು ಮಲಗಿದ್ದು ಮಾತ್ರ ಕಾಣಲಿಲ್ಲ ಅಲ್ವಾ?”

“ನಿನಗಾದ್ರೆ ಬಾಯಿದೆ, ಹೇಳ್ತೀಯ. ಪಾಪ, ಅವಕ್ಕೆ ಯಾರಿದಾರೆ?”

ಇಂಥ ಸವತಿ ಯಾವ ಹೆಂಡತಿಗೂ ಬೇಡವಪ್ಪ ಎಂದು ನಗುತ್ತಿದ್ದೆ.

ಕಂಪನಿ ಹೊರಟುಹೋಯಿತು. ತೊಟ್ಟಿ ಬರಿದು ಮಾಡಿ, ಪಂಪು ನಿಲ್ಲಿಸಿ, ಗೇಟಿಗೆ ಬೀಗ ಹಾಕಿ ಎಂದು ನಿಮ್ಮ ಆದೇಶ ಬಂತು. ಕೊನೆಯ ಬಕೆಟ್ಟಿಗೆ ಸುಣ್ಣ ಹಾಕಿ ಆ ಜೀವಿಗಳನ್ನು ಕೊಲ್ಲಬೇಕಿತ್ತು. ಯಾರಿಗೂ ಮನಸ್ಸು ಬರಲಿಲ್ಲ. “ತಮ್ಮ ಮನೆಗೇ ಹೋಗ್ಲಿ ಬಿಡಣ್ಣ ಅವು” ಎಂದನಂತೆ ಜೊತೆಯ ವೆಲ್ಡರ್. ನನ್ನ ಗಂಡ ಹೆಪ್ಪನ್ನು ಗುಡ್ಡೆಯ ಮೇಲೆ ಸುರಿದು ಬಂದರು. ತಪ್ಪೇ. ಆದರೆ ವರ್ಷಗಟ್ಟಲೆ ಆ ಜೀವಿಗಳೇ ತುಂಬಿಕೊಂಡಿದ್ದ ಗುಡ್ಡೆಗೆ ಒಂದು ಬಕೆಟ್ ಏನು ಸೇರಿಸೀತು? ಕೋಡಿ ಬಿದ್ದ ಕೆರೆಗೆ ಒಂದು ಚೊಂಬು ನೀರು ಹೊಯ್ದವರನ್ನು ನೆರೆಗೆ ಹೊಣೆ ಮಾಡುತ್ತೀರಾ?

ಗಣಿ ಮುಚ್ಚಿದೆ ಎಂದು ಆ ಜೀವಿಗಳಿಗೆ ನಿಮ್ಮ ಆದೇಶವನ್ನು ಓದಿ ಹೇಳಿದವರು ಯಾರು? ಕಲ್ಲು ಅಲ್ಲೇ ಇತ್ತು, ಗಾಳಿ ಇತ್ತು, ಮಳೆಯೂ ಬಂತು. ಆಳುಗಳು ಮನೆಗೆ ಹೋದ ಮೇಲೂ ಅವು ದುಡಿಯುತ್ತಲೇ ಹೋದವು. ಗುಡ್ಡೆಯಿಂದ ಆಮ್ಲ ಇಳಿಯುತ್ತಲೇ ಇತ್ತು. ಅದನ್ನು ಮೇಲೆತ್ತುವ ಪಂಪು ಮಾತ್ರ ನಿಂತಿತ್ತು. ಅವು ದುಡಿಯುವಾಗ ಕಲ್ಲು ಬಿಸಿಯೇರುತ್ತದೆ. ಅದಕ್ಕೇ ನನ್ನ ಗಂಡ ದಿನವೂ ಬೇಲಿಯ ಸಂದಿಯಲ್ಲಿ ಕೈ ತೂರಿಸಿ ಗುಡ್ಡೆಯನ್ನು ಮುಟ್ಟಿ ಬರುತ್ತಿದ್ದರು. “ಇನ್ನೂ ಬೆಚ್ಚಗಿದೆ ಕಣೇ” ಎನ್ನುತ್ತಿದ್ದರು, ಮೊದಮೊದಲು ಹೆಮ್ಮೆಯಿಂದ, ಆಮೇಲೆ ಭಯದಿಂದ. ಕೊಳ ತುಂಬುತ್ತಿದೆ ಎಂದು ನಿಮ್ಮ ಕಚೇರಿಗೂ ಹೋಗಿ ಹೇಳಿದರು. “ಮುಚ್ಚಿದ ಗಣೀಲಿ ಇನ್ನೇನ್ರೀ ಕೆಲಸ ನಿಮಗೆ?” ಎಂದು ನಿಮ್ಮ ಗುಮಾಸ್ತರು ನಕ್ಕರಂತೆ.

ಒಂದು ಮಧ್ಯಾಹ್ನ ಕೊಳದ ಏರಿ ಕುಸಿದು, ಹೊಳೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಅವರು ಮರಳಿನ ಚೀಲ ಹೊತ್ತು ಹೊರಟರು.

“ಎರಡು ತುತ್ತು ತಿಂದು ಹೋಗ್ರೀ.”

“ಮುಚ್ಚಿಡು, ಬಂದೆ.”

ಕೊಳದ ತಳಕ್ಕೂ ಅಂಚಿಗೂ ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಅದರ ಮೇಲೆ ಕಾಲು ನಿಲ್ಲುವುದಿಲ್ಲ. ಅವರ ಮುಖವನ್ನು ನನಗೆ ತೋರಿಸಲಿಲ್ಲ. ನೋಡಬೇಡಿ ಅತ್ತಿಗೆ ಎಂದು ವೆಲ್ಡರ್ ಅಡ್ಡ ನಿಂತ. ಮನೆಗೆ ಬಂದಾಗ ತಟ್ಟೆ ಮುಚ್ಚಿದ ಹಾಗೇ ಇತ್ತು.

ನಾನು ಪರಿಹಾರ ಕೇಳುತ್ತಿಲ್ಲ. ಪಂಪು ನಡೆಸಿ. ಏರಿ ಕಟ್ಟಿಸಿ. ಹೊಳೆಗೆ ಹೋಗುವ ನೀರಿನ ಆಮ್ಲವನ್ನು ಸುಣ್ಣ ಹಾಕಿ ಕಳೆಯಿರಿ. ವರದಿಯಿಂದ ‘ನುಗ್ಗಿ’ ಎಂಬ ಪದವನ್ನು ತೆಗೆಯಿರಿ. ಅವರು ನುಗ್ಗಲಿಲ್ಲ, ನೀವು ಅರ್ಧಕ್ಕೆ ಬಿಟ್ಟ ಕೆಲಸಕ್ಕೆ ಹೋದರು.

ಮೊನ್ನೆ ನಾನೂ ಆ ಸಂದಿಯಲ್ಲಿ ಕೈ ತೂರಿಸಿದೆ. ಹಾಳಾಗಿಹೋಗಿ ಎಂದು ಆ ಜೀವಿಗಳನ್ನು ಶಪಿಸಲೆಂದೇ ಹೋಗಿದ್ದೆ. ಕಲ್ಲು ಬೆಚ್ಚಗಿತ್ತು, ಅವರ ಅಂಗೈಯಷ್ಟೇ. ಕೈ ಹಿಂದಕ್ಕೆ ತೆಗೆಯಲಾಗದೆ ಬಹಳ ಹೊತ್ತು ನಿಂತಿದ್ದೆ.

ಗುಡ್ಡೆ ತಣ್ಣಗಾದ ದಿನ ದಯವಿಟ್ಟು ನನಗೆ ಹೇಳಿ ಕಳಿಸಿ. ಅಲ್ಲಿಯವರೆಗೆ ಅವರ ಕೆಲಸ ಮುಗಿಯಿತೆಂದು ನಾನು ಹೇಗೆ ನಂಬಲಿ?

ಇಂತಿ,
ತಟ್ಟೆ ಮುಚ್ಚಿಟ್ಟು ಕಾದವಳು,
ನಿಮ್ಮ ವರದಿಯಲ್ಲಿ ‘ಒಳನುಗ್ಗಿದ ವ್ಯಕ್ತಿಯ ಪತ್ನಿ’