ಖಾದರಸಾಬರ ಗೋಡೆಯ ಮೇಲೆ ನಮ್ಮ ಹೊಗೆ ಪೈಪು

ನವೆಂಬರ್ ೧೨, ೧೯೮೪

ಇವತ್ತೂ ಹಿರೇಕೆರೂರು ಟ್ರಿಪ್. ಬಸ್ಸಿನ ತುಂಬ ಹತ್ತಿ ಬಿಡಿಸುವ ಹೆಂಗಸರು. ಟಿಕೆಟ್ ಟಿಕೆಟ್ ಎಂದು ಕೂಗಿ ಕೂಗಿ ಗಂಟಲು ಒಡೆದಿದೆ. ಡಿಪೋದಲ್ಲಿ ಲೆಕ್ಕದ ವೇಬಿಲ್ ಕೊಟ್ಟು ಮನೆಗೆ ಬಂದರೆ ಮಂಜವ್ವ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಕೆಮ್ಮುತ್ತಿದ್ದಳು. ಒಳಗೆ ಒಲೆಯೇ ಕಾಣದಷ್ಟು ಹೊಗೆ. ಬೆನ್ನು ತಿಕ್ಕಿದೆ.

"ನನ್ನ ಬಿಡ್ರಿ, ರೊಟ್ಟಿ ಹೊತ್ತಾಕತ್ತೈತಿ, ತಗೀರಿ" ಎಂದಳು.

ತೆಗೆದೆ. ಹೊತ್ತಿತ್ತು. ತಿಂದೆವು.

ನವೆಂಬರ್ ೧೯

ರಜೆ ಹಾಕಿ ಹುಬ್ಬಳ್ಳಿಗೆ. ಡಾಕ್ಟರ್ ಎಕ್ಸ್‌ರೇ ಬೆಳಕಿಗೆ ಹಿಡಿದು ಕೇಳಿದರು: "ನಿಮ್ಮ ಹೆಂಡ್ತಿ ಬೀಡಿ ಸೇದ್ತಾರೇನು?"

ಮಂಜವ್ವ ಮೊದಲು ನಕ್ಕಳು. ಆಮೇಲೆ ಸಿಟ್ಟು. "ನಾ ಯಾಕ ಬೀಡಿ ಸೇದ್ಲಿರಿ?"

ಎಲ್ಲ ಒಲೆಯ ಹೊಗೆಯಂತೆ. "ಕೆಟ್ಟಿದ್ದು ಕೆಟ್ಟೈತಿ. ಇನ್ನ ಹೆಚ್ಚಾಗದಂಗ ನೋಡ್ಕೋರಿ. ಹೊಗಿ ಹತ್ರ ಕೂಡ್ರಿಸಬ್ಯಾಡ್ರಿ."

ಮೂರು ಹೊತ್ತು ರೊಟ್ಟಿ ಬಡಿಯುವವಳನ್ನು ಹೊಗೆಯ ಹತ್ತಿರ ಕೂರಿಸದಿರುವುದು ಹೇಗೆ? ಗ್ಯಾಸಿಗೆ ಹೆಸರು ಹಚ್ಚಿದವರು ವರ್ಷಗಟ್ಟಲೆ ಕಾಯುತ್ತಿದ್ದಾರೆ. ಬರುವಾಗ ಬಸ್ಸಿನಲ್ಲಿ ನನ್ನ ಹೆಗಲ ಮೇಲೆ ನಿದ್ದೆ ಹೋದಳು. ಕಂಡಕ್ಟರ್ ಗುರುತಿನವನು, ಎಬ್ಬಿಸಲಿಲ್ಲ.

ಡಿಸೆಂಬರ್ ೩

ಬ್ಲಾಕ್ ಆಫೀಸಿನವರು ಬಂದು ಹೊಗೆ ಇಲ್ಲದ ಒಲೆ ಕಟ್ಟಿಕೊಟ್ಟು ಹೋದರು. ಸರಕಾರದ ಸ್ಕೀಮು. ಮಣ್ಣಿನ ಒಲೆ, ಹಿಂದೆ ಸಿಮೆಂಟ್ ಪೈಪು. ಪೈಪು ಹಂಚು ದಾಟಿ ಹೊರಗೆ ಹೋಗಬೇಕು. ಗೌಂಡಿ ನೀಲಪ್ಪನನ್ನು ಕರೆದೆ. ಚಾವಣಿ ನೋಡಿ ತಲೆ ಅಲ್ಲಾಡಿಸಿದ.

"ಪುರಸಭಾ ಪರವಾನಗಿ ತಗೋರಿ ಮೊದಲ. ಯಾರರ ಅರ್ಜಿ ಹಾಕಿದ್ರ ಪೈಪು ಕಿತ್ತ ಒಯ್ತಾರ."

ಒಂದು ಪೈಪಿಗೂ ಪರವಾನಗಿ!

ಡಿಸೆಂಬರ್ ೫, ಮಧ್ಯಾಹ್ನ

ಪುರಸಭೆ. ಓವರ್‌ಸಿಯರ್ ಫಕ್ಕೀರಪ್ಪ ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟರು.

"ಮಗ್ಗಲ ಮನಿ ಕಿಟಕಿ ಎಷ್ಟು ದೂರ ಐತ್ರಿ?"

ದೂರ ಎಲ್ಲಿ? ಗೋಡೆಗೆ ಗೋಡೆ. ಖಾದರಸಾಬರು ಮೇಲೊಂದು ಖೋಲಿ ಎತ್ತಿಸಿದ್ದಾರೆ. ಅದರ ಕಿಟಕಿ ನಮ್ಮ ಹಂಚಿನ ಮೇಲೇ ತೆರೆಯುತ್ತದೆ.

"ಹಂಗಾರ ಪೈಪಿನ ಬಾಯಿ ಆ ಕಿಟಕಿಗಿಂತ ಮ್ಯಾಲ ಇರಬೇಕು. ಅಷ್ಟ ಉದ್ದನ ಪೈಪು ಹಂಚಿನ ಮ್ಯಾಲ ನಿಲ್ಲಂಗಿಲ್ಲ, ಗಾಳಿಗೆ ಬೀಳತೈತಿ. ಇಲ್ಲಾ, ಗಿಡ್ಡ ಪೈಪಿಗೆ ತಕರಾರಿಲ್ಲ ಅಂತ ಅವರ ಕಡಿಂದ ಬರಸ್ಕೊಂಡ ಬರ್ರಿ."

ಡಿಸೆಂಬರ್ ೬

ಖಾದರಸಾಬರ ಹೊಲಿಗೆ ಅಂಗಡಿ. ಚಹಾ ತರಿಸಿದರು. ನನ್ನ ಖಾಕಿ ಅಂಗಿ ಹೊಲಿಯುವವರು ಅವರೇ. ವಿಷಯ ಹೇಳಿದೆ. ಕತ್ತರಿ ಕೆಳಗಿಟ್ಟರು.

"ಮೈಲಾರಪ್ಪ, ಬ್ಯಾರೆ ಏನರ ಕೇಳು, ಕೊಡ್ತೇನಿ. ಆ ಖೋಲ್ಯಾಗ ಸೊಸಿ ಹಾಜರಾಬಿ ಬಾಣಂತನ ನಡದೈತಿ. ಮೊಮ್ಮಗಳು ಇನ್ನೂ ಹಸಗೂಸು. ಹೊಗಿ ಹೆಂಗ ಬಿಡ್ಲಿ?"

ಅರ್ಧ ಚಹಾ ಬಿಟ್ಟು ಎದ್ದೆ.

ಜನವರಿ ೯, ೧೯೮೫

ಚುನಾವಣೆ ಮುಗಿಯಿತು. ಮತಪೆಟ್ಟಿಗೆ ಹೊತ್ತು ಹೊತ್ತು ನಮ್ಮ ಬಸ್ಸಿಗೂ ಸಾಕಾಗಿದೆ. ಫಕ್ಕೀರಪ್ಪನವರೂ ಅದೇ ಕೆಲಸದಲ್ಲಿದ್ದರು. ಪೈಪಿನ ಪರವಾನಗಿಗೆ ಕೊಟ್ಟ ಅರ್ಜಿ ಇದ್ದಲ್ಲೇ ಇದೆ. ಮಂಜವ್ವನ ಮಾತು ಈಗ ತುಂಡು ತುಂಡು. ನಡುವೆ ಉಸಿರು ತೆಗೆದುಕೊಳ್ಳುತ್ತಾಳೆ.

ಯಾರನ್ನು ಕೇಳಿ ಏನಾಗಬೇಕು? ಭಾನುವಾರ ಹಾಕಿಸಿಯೇಬಿಡುವುದು.

ಜನವರಿ ೧೩, ಭಾನುವಾರ

ಹಾಕಿಸಿದೆ. ನೀಲಪ್ಪ ಗೊಣಗುತ್ತಲೇ ಹಂಚು ತೆಗೆದ. ಗಿಡ್ಡ ಪೈಪು. ಒಲೆ ಹೊತ್ತಿಸಿದರೆ ಅಡುಗೆಮನೆ ತಿಳಿಯಾಗಿತ್ತು. ಗೋಡೆಯ ಮೇಲಿನ ಡಬ್ಬಿಗಳೆಲ್ಲ ಕಾಣಿಸಿದವು. ಮಂಜವ್ವ ಕಣ್ಣು ಒರೆಸಿಕೊಳ್ಳದೇ ರೊಟ್ಟಿ ಬಡಿದಳು. ನನಗೆ ಎಂಥದೋ ಹಗುರ.

ಸ್ವಲ್ಪ ಹೊತ್ತಿಗೆ ಮೇಲೆ ಕಿಟಕಿ ಮುಚ್ಚಿದ ಸಪ್ಪಳ. ಕೂಸು ಅತ್ತಿತು. ಕೆಮ್ಮಿ ಅತ್ತಿತು. ಖಾದರಸಾಬರು ಹಿತ್ತಲಿಗೆ ಬಂದು ಪೈಪು ನೋಡಿದರು. ನನ್ನನ್ನು ನೋಡಿದರು. ಒಳಗೆ ಹೋದರು.

ಬೈದಿದ್ದರೆ ಚೆನ್ನಾಗಿತ್ತು.

ಜನವರಿ ೧೪, ಸಂಕ್ರಾಂತಿ

ಡ್ಯೂಟಿ ಮುಗಿಸಿ ಬಂದರೆ ಹೊಸ ಒಲೆ ತಣ್ಣಗಿತ್ತು. ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಗಾಳಿಗೆ ಬೆನ್ನು ಕೊಟ್ಟು ಸಜ್ಜೆ ರೊಟ್ಟಿ ಮಾಡುತ್ತಿದ್ದಳು. ಗಾಳಿ ತಿರುಗಿದಾಗೆಲ್ಲ ಹೊಗೆ ಮುಖಕ್ಕೇ.

"ಏನಿದು?"

"ಹಾಜರಾಬಿ ಕಿಟಕಿ ತಗಿವಲ್ಲಳ್ರಿ. ನನ್ನ ಎದಿಯಾಗಿಂದು ತಗದು ಆ ಕೂಸಿನ ಎದಿಯಾಗ ಹಾಕೂದು ಯಾವ ನ್ಯಾಯ?"

"ಹಂಗಾರ ಸಾಯಿ ನೀ!" ಎಂದುಬಿಟ್ಟೆ.

ಎಳ್ಳು-ಬೆಲ್ಲ ಯಾರೂ ಬಾಯಿಗೆ ಹಾಕಲಿಲ್ಲ.

ಜನವರಿ ೧೫

ಪೈಪು ನಾನೇ ಇಳಿಸಿದೆ. ಹಂಚು ಮುಚ್ಚಿದೆ. ಮಂಜವ್ವ ಕೆಳಗಿನಿಂದ ಏಣಿ ಹಿಡಿದಿದ್ದಳು.

ಫೆಬ್ರವರಿ ೩

ಖಾದರಸಾಬರು ತಾವಾಗಿಯೇ ಬಂದರು. ಕಟ್ಟೆಯ ಮೇಲೆ ಕುಳಿತರು.

"ಹೆಣಮಗಳು ಗಾಳ್ಯಾಗ ಕುಂತು ಅಡಗಿ ಮಾಡೂದು ದಿನಾ ನೋಡಾಕತ್ತೇನಿ. ನನಗ ಊಟ ಸೇರವಲ್ದು. ಒಂದ ಮಾತು ಹೇಳ್ಲೇನು? ಪೈಪು ನನ್ನ ಗ್ವಾಡಿಗೆ ಹಚ್ಚು. ಕಬ್ಬಿಣ ಪಟ್ಟಿ ಹಾಕಿ ಬಿಗಿ. ನಮ್ಮ ಚಾವಣಿ ದಾಟಿ ಮ್ಯಾಲ ಒಯ್ಯಿ. ಹೊಗಿ ಯಾರಿಗೂ ಬ್ಯಾಡ, ಮುಗಲಿಗೆ ಹೋಗ್ಲಿ."

ಇಷ್ಟು ದಿನ ನನಗೇಕೆ ಹೊಳೆಯಲಿಲ್ಲ? ಹೊಳೆದಿದ್ದರೂ ಕೇಳುವ ಬಾಯಿ ಇರುತ್ತಿರಲಿಲ್ಲ.

ಫೆಬ್ರವರಿ ೫

ಇಬ್ಬರೂ ಪುರಸಭೆಗೆ. ಫಕ್ಕೀರಪ್ಪನವರು ಕೇಳಿ ಖುಷಿಯಾದರು. ಖಾದರಸಾಬರ ಮನೆಯ ಉತಾರ ತೆಗೆಸಿ ಮಾಲಕರ ಹೆಸರು ನೋಡಿದರು. ಮುಖ ಸಣ್ಣದಾಯಿತು.

"ಸಾಬರ, ಮನಿ ಇಬ್ಬರ ಹೆಸರಿಲೆ ಐತ್ರಿ. ಇನ್ನೊಬ್ಬರ ಗ್ವಾಡಿಗೆ ಪೈಪು ಹಚ್ಚೂದಂದ್ರ ಮಾಲಕರು ಎಲ್ಲಾರೂ ಒಪ್ಪಬೇಕು. ನಿಮ್ಮ ತಮ್ಮಾರ ಸೈನೂ ಬೇಕು."

ತಮ್ಮ ಶಹಾಬುದ್ದೀನ ಸವಣೂರಿನಲ್ಲಿ. ತಾಯಿ ಸತ್ತ ಮೇಲೆ ಅಣ್ಣ-ತಮ್ಮಂದಿರಿಗೆ ಮಾತಿಲ್ಲ. ಅಂಗಡಿ ಬಾಗಿಲಲ್ಲಿ ಖಾದರಸಾಬರು, "ನೀ ಹೋಗಿ ಕೇಳಿ ನೋಡು" ಎಂದರು.

ಫೆಬ್ರವರಿ ೧೮

ಸವಣೂರು ಟ್ರಿಪ್. ಬಸ್ಸು ನಿಂತ ಹೊತ್ತಿನಲ್ಲೇ ಓಡಿದೆ. ಶಹಾಬುದ್ದೀನರದು ಎಲೆ ವ್ಯಾಪಾರ. ಒದ್ದೆ ಅರಿವೆಯಲ್ಲಿ ವೀಳ್ಯದೆಲೆ ಸುತ್ತುತ್ತ ಪೂರ್ತಿ ಕೇಳಿದರು.

"ಪೈಪಿಗೆ ನಂದೇನೂ ತಕರಾರಿಲ್ರಿ. ಆದ್ರ ಮ್ಯಾಲಿನ ಖೋಲಿ ಕಟ್ಟುವಾಗ ಅಂವ ನನಗ ಒಂದ ಮಾತು ಕೇಳಲಿಲ್ಲ. ನಾ ಸತ್ತೇನಂತ ತಿಳದಿದ್ನೇನು? ಅಂವನ ಬಂದು ಕೇಳ್ಲಿ. ನಿಂತಲ್ಲೆ ಸೈ ಮಾಡ್ತೇನಿ."

ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಬಂದೆ.

ಖಾದರಸಾಬರಿಗೆ ಹಾಗೆಯೇ ಹೇಳಿದೆ. ಮಶೀನು ತುಳಿಯುವುದು ನಿಲ್ಲಿಸಲಿಲ್ಲ. ತಲೆ ಎತ್ತಲಿಲ್ಲ.

ಮಾರ್ಚ್ ೧೧

ಮತ್ತೊಂದು ಚುನಾವಣೆಯೂ ಆಯಿತು. ಬರೆಯಲು ಮನಸ್ಸಿರಲಿಲ್ಲ. ಮಂಜವ್ವ ಸರಕಾರಿ ದವಾಖಾನೆಯಲ್ಲಿ. ಮೊನ್ನೆ ಹಿತ್ತಲಲ್ಲಿ ಒಲೆಯ ಮುಂದೆಯೇ ಕುಸಿದಳು. ಹಾಜರಾಬಿ ಕೂಸನ್ನು ಮಾವನ ಕೈಗಿತ್ತು ಓಡಿಬಂದು ಎತ್ತಿದಳಂತೆ. ನಾನು ಶಿಗ್ಗಾಂವಿ ಬಸ್ಸಿನಲ್ಲಿ ಚಿಲ್ಲರೆಗೆ ಜಗಳಾಡುತ್ತಿದ್ದೆ.

ಈಗ ಊಟದ ಡಬ್ಬಿ ಅವರ ಮನೆಯಿಂದ. ಹಾಜರಾಬಿ ಮಂಚದ ಹತ್ತಿರ ಕುಳಿತು ಅಳುತ್ತಾಳೆ. "ಮಂಜಕ್ಕಾ, ನಾ ಕಿಟಕಿ ಮುಚ್ಚಬಾರದಿತ್ತು..."

"ಹುಚ್ಚಿ, ಮುಚ್ಚಿದ್ದ ಚಲೋ ಆತು" ಎನ್ನುತ್ತಾಳೆ ಇವಳು. ಅಷ್ಟು ಹೇಳುವುದಕ್ಕೇ ಏದುಸಿರು.

ಮಾರ್ಚ್ ೧೩, ರಾತ್ರಿ ಊಟದ ಮೊದಲು

ಬೆಳಿಗ್ಗೆ ಸವಣೂರು ಬಸ್ಸು ಬಿಡುವ ಹೊತ್ತಿಗೆ ಖಾದರಸಾಬರು ಹತ್ತಿದರು. ಇಸ್ತ್ರಿ ಮಾಡಿದ ಅಂಗಿ, ಬಿಳಿ ಟೋಪಿ. ಕೈಯಲ್ಲಿ ಕಾಗದ.

"ಸವಣೂರು. ಒಂದು."

ಹರಿದು ಕೊಟ್ಟೆ. ಕಿಟಕಿಯಾಚೆ ನೋಡುತ್ತ ಕುಳಿತರು. ಇಳಿಯುವಾಗ ಮೆಟ್ಟಿಲು ತಪ್ಪಿತು. ಹಿಡಿದೆ. ಜೊತೆಗೆ ಹೋಗಬೇಕಿತ್ತು... ಬಸ್ಸು ಬಿಟ್ಟು ಹೇಗೆ ಹೋಗಲಿ?

ಸಂಜೆ ಮರಳಿ ಬರುವ ಟ್ರಿಪ್. ಸವಣೂರು ಸ್ಟ್ಯಾಂಡಿನ ಬೆಂಚಿನ ಮೇಲೆ ಇಬ್ಬರು ಮುದುಕರು. ಇಬ್ಬರ ಬಾಯಿಯೂ ಕೆಂಪು. ಶಹಾಬುದ್ದೀನರು ಎಲೆಯ ಕಟ್ಟೊಂದನ್ನು ಅಣ್ಣನ ಕೈಗಿಟ್ಟು, ಬಸ್ಸು ಹೊರಡುವ ತನಕ ನಿಂತರು.

"ಏನಂದ್ರಿ ಸಾಬರ, ತಮ್ಮಾರು?"

"ಏನೂ ಅನ್ನಲಿಲ್ಲ. ಕಾಗದ ಸೈತ ಓದಲಿಲ್ಲ, ಸೈ ಮಾಡಿ ಕೊಟ್ಟ. 'ಉಂಡಿಯೇನು ಅಣ್ಣಾ' ಅಂದ."

ಮುಂದೆ ನಮ್ಮೂರು ಹಾನಗಲ್ಲಿನ ತನಕ ಟೋಪಿ ಕಣ್ಣಿನ ಮೇಲೆಳೆದುಕೊಂಡು ಕುಳಿತಿದ್ದರು. ನಾನೂ ಆ ಕಡೆ ಟಿಕೆಟ್ ಕೇಳಲು ಹೋಗಲಿಲ್ಲ.

ಏಪ್ರಿಲ್ ೧೬

ಪರವಾನಗಿ ಬಂತು. ಪೈಪು ಖಾದರಸಾಬರ ಚಾವಣಿಗಿಂತ ಮೇಲಿರಬೇಕು, ಮರದ ತೊಲೆಗೆ ತಾಗಬಾರದು, ತುದಿಗೆ ಟೋಪಿ ಹಾಕಬೇಕು. ಫಕ್ಕೀರಪ್ಪನವರು ತಾವೇ ಬಂದು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿದರು. ಮಂಜವ್ವ ಮನೆಗೆ ಬಂದಿದ್ದಾಳೆ. ತೀರ ತೆಳ್ಳಗೆ. ಸಂತೋಷಪಡಬೇಕು ಅನಿಸುತ್ತದೆ, ನಿದ್ದೆ ಬರುತ್ತದೆ.

ಏಪ್ರಿಲ್ ೨೧, ಭಾನುವಾರ

ನೀಲಪ್ಪ ಬೆಳಿಗ್ಗೆಯೇ ಪಟ್ಟಿ ಬಿಗಿದು ಮುಗಿಸಿದ. ಒಲೆ ಹೊತ್ತಿದೆ. ಮಂಜವ್ವನನ್ನು ಒಲೆಗೆ ಬಿಟ್ಟಿಲ್ಲ. ಹಾಜರಾಬಿ ರೊಟ್ಟಿ ಬಡಿಯುತ್ತಾಳೆ, ಇವಳು ಪಕ್ಕದಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು "ಅಂಚು ತೆಳ್ಳಗ ಮಾಡು" ಎಂದು ಹುಕುಂ ಕೊಡುತ್ತಾಳೆ. ನಡುನಡುವೆ ಕೆಮ್ಮು. ಅದು ಹೋಗುವುದಿಲ್ಲ, ಡಾಕ್ಟರ್ ಹೇಳಿದ್ದರು. ಆದರೂ ಕೂಸಿಗೆ ಎರಡು ಮಾತು ಒಂದೇ ಉಸಿರಿಗೆ ಹೇಳಿದಳು. ಕೇಳಿಸಿಕೊಂಡೆ.

ಪೈಪು ನೋಡಲು ಶಹಾಬುದ್ದೀನರು ಬಂದಿದ್ದಾರೆ. ಅಣ್ಣ-ತಮ್ಮ ಇಬ್ಬರೂ ಚಾವಣಿ ಹತ್ತಿ ನಿಂತಿದ್ದಾರೆ. ಪೈಪು ಓರೆಯಾಗಿದೆ ಅಂತ ತಮ್ಮ. ನಿನ್ನ ಕಣ್ಣೇ ಓರೆ ಅಂತ ಅಣ್ಣ. ಓಣಿಗೆಲ್ಲ ಕೇಳುವಂತೆ ಜಗಳ.

"ಮೈಲಾರಪ್ಪಾ, ಹೊರಗ ಬಾ! ನೀನ ನೋಡಿ ಹೇಳು!"

ಕಟ್ಟೆಯ ಮೇಲಿಂದ ನೋಡಿದರೆ ಕಾಣುತ್ತದೆ. ಹೊಗೆ ನೆಟ್ಟಗೆ ಮೇಲೆ ಹೋಗುತ್ತಿದೆ. ಪೈಪು ಮಾತ್ರ, ನಿಜ ಹೇಳಬೇಕೆಂದರೆ, ಸ್ವಲ್ಪ—