ನಿನ್ನ ಶವಯಾತ್ರೆಯ ಸಮಾಚಾರ

ಟ್ರೆಮೆ, ನ್ಯೂ ಓರ್ಲಿಯನ್ಸ್
ಅಕ್ಟೋಬರ್ ೧೪, ೧೯೫೨

ನನ್ನ ಬಂಗಾರ ವೀನಿ,

ಗಂಟಲು ಹೇಗಿದೆ? ಜ್ವರ ಪೂರ್ತಿ ಬಿಟ್ಟಿತೇ? ದೊಡ್ಡ ಗಾಯಕಿಯಾದವಳು ಷಿಕಾಗೋದ ಚಳಿಯಲ್ಲಿ ಕೊರಳಿಗೆ ಏನೂ ಸುತ್ತಿಕೊಳ್ಳಬಾರದು ಎಂದು ಯಾವ ಪುಣ್ಯಾತ್ಮ ಹೇಳಿಕೊಟ್ಟ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಮೊನ್ನೆ ನೀನು ಆಸ್ಪತ್ರೆಯಿಂದ ಮೂಲೆಯ ದಿನಸಿ ಅಂಗಡಿಗೆ ಫೋನು ಮಾಡಿದಾಗ "ಏನಮ್ಮಾ ಅದು ಗದ್ದಲ?" ಎಂದು ಕೇಳಿದೆ. ನಗುವೂ ಅಳುವೂ ಒಟ್ಟಿಗೇ ಉಕ್ಕಿ ಬಂದು ನನಗೆ ಹೇಳಲಾಗಲಿಲ್ಲ. ಅದು ನಿನ್ನ ಶವಯಾತ್ರೆ ಕಣೇ.

ನೀನು ವೇದಿಕೆಯ ಮೇಲೆ ಕುಸಿದು ಬಿದ್ದೆ ಎಂದು ಅವತ್ತು ಬೆಳಿಗ್ಗೆ ರೇಡಿಯೋದಲ್ಲಿ ಹೇಳಿದರು. ಆ ಸುದ್ದಿ ಪಕ್ಕದ ಮನೆ ಕೋರಿನ್‌ಳ ಬಾಯಿಗೆ ಬಿದ್ದು ಬೀದಿ ದಾಟುವಷ್ಟರಲ್ಲಿ ನೀನು ಸತ್ತೇಹೋಗಿದ್ದೆ. ನಮ್ಮವರ ಬುದ್ಧಿ ಗೊತ್ತಲ್ಲ, ಹೆಣ ಎಲ್ಲಿದೆ ಎಂದು ಒಬ್ಬರೂ ಕೇಳಲಿಲ್ಲ. ಹೆಂಗಸರು ಬಂದವರ ಊಟಕ್ಕೆಂದು ಕೆಂಪು ಹುರುಳಿಕಾಯಿ ಬೀಜ ಬೇಯಲಿಟ್ಟರು, ಗಂಡಸರು ಕಪ್ಪು ಸೂಟು ಹಾಕಿಕೊಂಡು ಬ್ಯಾಂಡಿನ ಸಮೇತ ಬಾಗಿಲಿಗೆ ಬಂದರು. ಮುಂದೆ ನಿಂತವನು ಅಲ್ಸೀಡ್, ತುತ್ತೂರಿ ಹಿಡಿದುಕೊಂಡು. ಹತ್ತೊಂಬತ್ತರ ಹುಡುಗಿ ನಿನ್ನನ್ನು ಚರ್ಚಿನ ಹಾಡುಗಾರರ ಸಾಲಿನಿಂದ ಎಬ್ಬಿಸಿಕೊಂಡು ಹೋಗಿ ಜಾಝ್ ಕ್ಲಬ್ಬಿನಲ್ಲಿ ನಿಲ್ಲಿಸಿದವನು! ಆಮೇಲೆ ನೀನು ನ್ಯೂಯಾರ್ಕಿನಲ್ಲಿ ಹಾಡಿದೆ, ಪ್ಯಾರಿಸ್ಸಿನಲ್ಲಿ ಹಾಡಿದೆ, ನಿನ್ನ ರೆಕಾರ್ಡು ಇಲ್ಲದ ಮನೆಯಿಲ್ಲ. ಕ್ಲಬ್ಬಿನ ಹೊಸಿಲು ತುಳಿಯುವುದಿಲ್ಲ ಎಂದು ದೇವರಿಗೆ ಮಾತು ಕೊಟ್ಟ ನಾನು ಮಾತ್ರ ಒಂದು ಸಲವೂ ಬರಲಿಲ್ಲ. ಈ ಕ್ರಿಸ್ಮಸ್ಸಿಗೆ ಇಲ್ಲಿಯೇ ಹಾಡುತ್ತೇನೆ, ಬಾ ಎಂದು ಬರೆದಿದ್ದೀಯೆ. ನಾನು ಇನ್ನೂ ಉತ್ತರ ಕೊಟ್ಟಿಲ್ಲ.

ಅಲ್ಸೀಡ್ ಟೋಪಿ ತೆಗೆದು, "ಅಕ್ಕಾ, ಸ್ಮಶಾನಕ್ಕೆ ಹೋಗ್ತಾ ಯಾವಾಗ್ಲೂ ಹಾಗೆ ಕೀರ್ತನೆ ನುಡಿಸ್ತೀವಿ. ಬರ್ತಾ ಕುಣಿಯೋಕೆ ಮಗೂದೇ ಹಾಡು ನುಡಿಸ್ಲಾ? ಬೇಜಾರಿಲ್ಲ ತಾನೇ?" ಎಂದ. ಆಗಲಿ ಎಂದು ತಲೆಯಾಡಿಸಿದೆ. ನಿನ್ನ ಆ ನದಿಯ ಹಾಡನ್ನು ಸ್ವಲ್ಪ ಊದಿ ನೋಡಿದ. ನನಗೆ ಮೈಯೆಲ್ಲ ಉರಿದುಹೋಯಿತು. "ಅದೇನು ಅವಸರಾನೋ ನಿಂಗೆ? ಎರಡನೇ ಸಾಲಲ್ಲಿ ವೀನಿ ತಡೀತಾಳೆ, ಉಸಿರು ಎಳ್ಕೊಂಡು ಆಮೇಲೆ ಬಿಡ್ತಾಳೆ" ಎಂದು ಅಳುತ್ತಲೇ ಹಾಡಿ ತೋರಿಸಿದೆ. ಬೀದಿಗೆ ಬೀದಿಯೇ ಬಾಯಿ ಬಿಟ್ಟುಕೊಂಡು ನೋಡಿತು. "ನೋಡ್ರಪ್ಪಾ, ಮುದುಕಿ ಕದ್ದು ಕೇಳ್ತಿದ್ಲು!" ಎಂದ ಅಲ್ಸೀಡ್. ಕೋರಿನ್ ಅಷ್ಟು ಜೋರಾಗಿ ನಿನ್ನ ರೆಕಾರ್ಡು ಹಾಕಿದರೆ ನನ್ನ ಕಿವಿಯದೇನು ತಪ್ಪು?

ಅಷ್ಟರಲ್ಲಿ ಅಂಗಡಿಯವನು ಓಡಿ ಬಂದ. "ಅರ್ಸೂಲಮ್ಮಾ, ಬೇಗ ಬನ್ನಿ! ಹೆಣ ಫೋನ್ ಮಾಡಿದೆ!"

ನಿನ್ನ ದನಿ ಕೇಳಿ ನಾನು ನಕ್ಕಿದ್ದೇ ತಡ, ಹೊರಗೆ ಅಲ್ಸೀಡ್ ಕೂಗಿದ: "ಸತ್ತಿಲ್ಲ ಅಂದ್ಮೇಲೆ ಹೋಗೋ ದಾರಿ ಯಾಕೆ? ಬರೋ ದಾರಿ ಶುರು ಮಾಡ್ರೋ!" ಅದೇ ನೀನು ಕೇಳಿದ ಗದ್ದಲ. ಸಂಜೆಯವರೆಗೂ ಕುಣಿದೆವು. ಪಾಸ್ಟರ್ ಕೂಡ ಛತ್ರಿ ತಿರುಗಿಸುತ್ತ ಹೆಜ್ಜೆ ಹಾಕಿದರು, ಆಮೇಲೆ ಸೊಂಟ ಹಿಡಿದುಕೊಂಡು ಕೂತರು.

ಔಷಧಿ ತಪ್ಪಿಸಬೇಡ. ಬೀದಿಯವರೆಲ್ಲ ನಿನ್ನನ್ನು ಕೇಳಿದ್ದಾರೆ. ದೇವರು ನಿನ್ನ ಕೊರಳನ್ನು ಕಾಪಾಡಲಿ.

ನಿನ್ನ ಅಮ್ಮ,
ಅರ್ಸೂಲಾ

ತಾ.ಕ.: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ. ನೀನಿಲ್ಲ ಎಂದು ನಂಬಿ ಕೂತಿದ್ದೆನಲ್ಲ, ಆಗ ಒಂದೇ ಒಂದು ಸಂಕಟ ಮಗಳೇ: ನಿನ್ನ ಎದುರಿಗೆ ಕೂತು ಒಂದು ಸಲವೂ ಕೇಳಲಿಲ್ಲವಲ್ಲ ಎಂದು. ಎದೆ ಒಡೆದುಹೋಯಿತು. ಕ್ರಿಸ್ಮಸ್ಸಿಗೆ ಬರುತ್ತೇನೆ. ದೇವರ ಹತ್ತಿರ ನಾನು ಮಾತಾಡಿಕೊಳ್ಳುತ್ತೇನೆ, ನೀನು ಮುಂದಿನ ಸಾಲಿನಲ್ಲಿ ನನಗೊಂದು ಕುರ್ಚಿ ಹಿಡಿದಿಡು.